ತೌಡಿಗೆ ಮಾರಿದ ಕೂಸಿನ ಹೆಸರು

ಹಲಸೂರು
೧೦-೧೨-೧೯೪೪

ಪ್ರೀತಿಯ ಯಜಮಾನರಿಗೆ,

ನಿಮ್ಮ ಆಂಜನಮ್ಮ ಮಾಡುವ ನಮಸ್ಕಾರ. ಮೈಯಲ್ಲಿ ಆರೋಗ್ಯವೇ? ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದೆಯೇ? ಮಿಲಿಟರಿ ಲಾರಿ ಓಡಿಸುವಾಗ ಬೀಡಿಯ ಧ್ಯಾನದಲ್ಲಿ ದಾರಿ ಮರೆಯಬೇಡಿ. ನೀವಿರುವ ಊರಿನ ಹೆಸರು ಬರೆಯಬಾರದಂತೆ, ಸರಿ. ಹೊಟ್ಟೆ ತುಂಬಿದೆ ಎಂದು ಬರೆಯಲು ಯಾವ ಸರ್ಕಾರದ ಅಡ್ಡಿ? ಇಲ್ಲಿ ನಾನೂ ಅತ್ತೆಯವರೂ ಸುಖವಾಗಿದ್ದೇವೆ. ನಿಮ್ಮ ಮಗಳಿಗೆ ಎರಡು ತಿಂಗಳು ತುಂಬಿತು. ಮೊದಲಿನ ಎರಡು ಕೂಸುಗಳೂ ನಲವತ್ತು ದಿನ ಕಾಣಲಿಲ್ಲ, ಇವಳು ಕಂಡಳು.

ಹೆಸರೇನಿಟ್ಟಿರಿ ಎಂದು ಕೇಳಿದ್ದೀರಿ. ಅತ್ತೆಯವರು ಹಳೇ ಪದ್ಧತಿಯಂತೆ ಕೂಸನ್ನು ಮೊರದಲ್ಲಿ ಮಲಗಿಸಿ, ಹೆರಿಗೆ ಮಾಡಿಸಿದ ಕಾಕ್ಸ್ ಟೌನಿನ ನರ್ಸಮ್ಮನಿಗೆ ಒಂದು ಹಿಡಿ ತೌಡಿಗೆ ಮಾರಿದರು. ಕೊಂಡವರು ಹೆಸರಿಟ್ಟು, ಸಾಕಿಕೊಳ್ಳಿ ಎಂದು ನಮಗೇ ಮರಳಿಸಬೇಕು. ಹೆಸರು ತಿಪ್ಪಿಯೋ ಕಸವ್ವನೋ ಆಗಿರಬೇಕು, ಯಮನೂ ಮೂಸಿ ನೋಡಬಾರದು. ಈ ಕೊನೆಯ ಮಾತನ್ನು ನರ್ಸಮ್ಮನಿಗೆ ತಿಳಿಸಲು ನಾವಿಬ್ಬರೂ ಮರೆತೆವು. ಅವರು ತಮ್ಮಲ್ಲಿದ್ದ ಒಳ್ಳೆಯದನ್ನೇ ಕೊಟ್ಟರು: ರೂತ್. ಅವರ ಹೆಸರೂ ಅದೇ, ಅವರ ಅಜ್ಜಿಯ ಹೆಸರೂ ಅದೇ.

ಅತ್ತೆಯವರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಇಷ್ಟು ಚೆಂದದ ಹೆಸರಿಟ್ಟರೆ ಕೂಸು ಉಳಿಯುವುದುಂಟೇ ಎಂದು ಮೂರು ದಿನ ಅದನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ನಾಲ್ಕನೇ ದಿನ ಹೆಸರು ಬದಲಿಸಲು ಹೇಳಬೇಕೆಂದೇ ನರ್ಸಮ್ಮನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಈ ರೂತ್ ಯಾವ ದೇಶದ ರಾಣಿ ಎಂದು ವಿಚಾರಿಸಿದರು. ರಾಣಿಯಲ್ಲ, ಬೈಬಲಿನಲ್ಲಿ ಬರುವ ಬಡ ಸೊಸೆ ಎಂದರು ನರ್ಸಮ್ಮ. ಮೋವಾಬ್ ಎಂಬ ಸೀಮೆಯವಳು, ತವರು ಬಿಟ್ಟು ಅತ್ತೆಯ ಹಿಂದೆಯೇ ಅವಳ ಊರಿಗೆ ನಡೆದು ಬಂದು, ಕಂಡವರ ಹೊಲದಲ್ಲಿ ಹಕ್ಕಲು ಆಯ್ದು ಅತ್ತೆಯನ್ನು ಸಾಕಿದಳಂತೆ. ಆ ಹೆಸರಿಗೆ ಗೆಳತಿ ಎಂದು ಅರ್ಥ ಹೇಳುತ್ತಾರಂತೆ.

ಹಕ್ಕಲು ಎಂದ ಕೂಡಲೇ ಅತ್ತೆಯವರ ಕಿವಿ ನೆಟ್ಟಗಾಯಿತು. ಚಿಕ್ಕಂದಿನಲ್ಲಿ ಅವರೂ ಕೊಯ್ದ ಹೊಲದಲ್ಲಿ ಉದುರಿದ ರಾಗಿ ತೆನೆ ಆಯ್ದವರಲ್ಲವೇ?

"ಹಕ್ಕಲು ಆಯ್ದೋಳಾ? ಹಂಗಾದ್ರೆ ಬಡವ್ರ ಹೆಸ್ರೇ ಬಿಡಮ್ಮ. ಯಮ ತಿರುಗಿ ನೋಡಲ್ಲ" ಎಂದರು.

ಅಂದಿನಿಂದ ಬಾಯಿ ತುಂಬಾ ರೂತಮ್ಮ. ನಿಮ್ಮ ದೊಡ್ಡಪ್ಪ ಮುನಿಕೃಷ್ಣಪ್ಪನವರು ಬಂದು ಮನೆ ಕಿರಿಸ್ತಾನವಾಯಿತೇ ಎಂದು ಕೇಳಿದಾಗ, ಉಳಿದ ಕೂಸಿಗೆ ಯಾವ ಹೆಸರಾದರೇನು ಎಂದು ಬಾಯಿ ಮುಚ್ಚಿಸಿದರು. ನಮ್ಮ ದಂಡು ಪ್ರದೇಶದಲ್ಲಿ ರೂತಮ್ಮಂದಿರಿಗೇನೂ ಬರವಿಲ್ಲ. ಬೇಕರಿಯಲ್ಲೊಬ್ಬರು, ಶಾಲೆಯಲ್ಲೊಬ್ಬರು, ಎಲ್ಲರಿಗೂ ಒಳ್ಳೆಯವರೆಂದೇ ಹೆಸರು. ನಮ್ಮವರಲ್ಲಿ ಮಾತ್ರ ಇವಳೊಬ್ಬಳೇ. ಪಕ್ಕದ ಮನೆಯ ಆಬಿದಾ ಬಂದರೆ ಸಾಕು, ಅತ್ತೆಯವರು ಇದು ಅತ್ತೆಯನ್ನು ಕೈಬಿಡದ ಸೊಸೆಯ ಹೆಸರು ಎಂದು ನನಗೆ ಕೇಳಿಸುವಂತೆ ಹೇಳುತ್ತಾರೆ. ನಾನೂ ಕೇಳಿಸದವಳಂತೆ ಪಾತ್ರೆ ತೊಳೆಯುತ್ತೇನೆ.

ಚಳಿ ಬಿದ್ದಿದೆ, ಮೈ ಬೆಚ್ಚಗಿಟ್ಟುಕೊಳ್ಳಿ. ಅತ್ತೆಯವರ ಆಶೀರ್ವಾದವನ್ನೂ ರೂತಮ್ಮನ ಬೊಚ್ಚುಬಾಯಿಯ ನಗುವನ್ನೂ ಇದರೊಳಗೆ ಮಡಚಿಟ್ಟಿದ್ದೇನೆ.

ನಿಮ್ಮ
ಆಂಜನಮ್ಮ

ಮರೆತ ಮಾತು: ನರ್ಸಮ್ಮ ಕೊಟ್ಟ ಪುಸ್ತಕದಲ್ಲಿ ಆ ಕಥೆಯನ್ನು ನಾನೇ ಓದಿದೆ. ಅವರು ಒಂದು ಸಂಗತಿ ಬಿಟ್ಟು ಹೇಳಿದ್ದರು. ಹೊಟ್ಟೆಪಾಡಿಗೆ ಪರಸ್ಥಳಕ್ಕೆ ಹೋದ ಆ ಅತ್ತೆಯ ಮಗ, ರೂತಳ ಗಂಡ, ಅಲ್ಲೇ ತೀರಿಕೊಳ್ಳುತ್ತಾನೆ. ನಿನ್ನೆ ಅತ್ತೆಯವರು ಕೂಸಿಗೆ ಎಣ್ಣೆ ಹಚ್ಚುತ್ತಾ, "ಆಯಮ್ಮನ ಗಂಡ ಏನಾದ್ನೇ?" ಎಂದು ಕೇಳಿದರು. ಊರಿಗೆ ಬಂದ ಎಂದುಬಿಟ್ಟೆ. ಮದುವೆಯಾದಂದಿನಿಂದ ಅವರಿಗೆ ನಾನು ಹೇಳಿದ ಸುಳ್ಳು ಅದೊಂದೇ. ನೀವು ಬಂದು ಅದನ್ನು ನಿಜ ಮಾಡಬೇಕು.