ನಿಮ್ಮಪ್ಪನ ಪರ್ಮಿಟ್ಟು, ನನ್ನ ಕುಂಕುಮ

ಗ್ಲೆಂಡೇಲ್ ಹೈಟ್ಸ್,
೯ ನವೆಂಬರ್ ೨೦೨೫, ಭಾನುವಾರ

ಮುದ್ದು ಆಶ್ರಿತಾ,

ಹೇಗಿದ್ದೀಯ ಕಂದಾ? ಡೆಟ್ರಾಯ್ಟ್ ಕಡೆ ಆಗಲೇ ಮೂವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದಿದೆ ಎಂದು ಟೀವಿಯಲ್ಲಿ ತೋರಿಸಿದರು. ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದಂತಿತ್ತು. ಮೆಣಸಿನ ಸಾರು ಮಾಡಿಕೊಂಡೆಯೋ, ಇಲ್ಲ ಆ ಡಬ್ಬಿ ಸೂಪಿನಲ್ಲೇ ಮುಗಿಸಿದೆಯೋ? ನನ್ನ ಬಿಪಿ ಡಾಕ್ಟರು ಬೆನ್ನು ತಟ್ಟುವಷ್ಟು ಚೆನ್ನಾಗಿದೆ. ಮಂಡಿ ಮಾತ್ರ ಇದ್ದ ಹಾಗೇ ಇದೆ, ನಾನು ಬೈಯುತ್ತೇನೆ, ಅದು ನಡೆಯುತ್ತದೆ. ನಿಮ್ಮಮ್ಮನಿಗೆ ಆಸ್ಪತ್ರೆಯಲ್ಲಿ ಈ ತಿಂಗಳು ಹಗಲು ಪಾಳಿ, ಹಾಗಾಗಿ ಮೂವರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದೇವೆ. ಅಜ್ಜಿ ಯಾಕೆ ಪತ್ರ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಿಮ್ಮಪ್ಪನ ಹೆಸರೆತ್ತಿದ ಕೂಡಲೇ ನೀನು ‘ಅಜ್ಜಿ, ಐ ಹ್ಯಾವ್ ಎ ಮೀಟಿಂಗ್’ ಅನ್ನುತ್ತೀಯ. ಭಾನುವಾರವೂ ಮೀಟಿಂಗ್ ಇಡುವ ಕಂಪನಿ ಅದ್ಯಾವುದೋ! ಪತ್ರಕ್ಕೆ ಆ ನೆಪ ನಡೆಯುವುದಿಲ್ಲ. ನಾಲ್ಕು ವರ್ಷ ಕೂರಿಸಿಕೊಂಡು ನಿನಗೆ ಕನ್ನಡ ಅಕ್ಷರ ತಿದ್ದಿಸಿದವಳು ನಾನು. ಒತ್ತಕ್ಷರ ಬಂದ ಕಡೆ ನಿಂತು, ಉಸಿರು ತೆಗೆದುಕೊಂಡು, ಪೂರ್ತಿ ಓದು.

ನೀನು ನಿಮ್ಮಪ್ಪನ ಜೊತೆ ಮಾತು ಬಿಟ್ಟು ಇಪ್ಪತ್ತು ತಿಂಗಳಾಯಿತು. ಶಾಮ್‌ಬರ್ಗ್‌ನಲ್ಲಿ ಜಗನ್ನಾಥ ಅಂಕಲ್ ಅವರ ಅರವತ್ತರ ಪಾರ್ಟಿ ಮುಗಿಸಿ ಬರುವಾಗ ಅವನು ಕುಡಿದು ಕಾರು ಓಡಿಸಿದ, ತಿರುವಿನಲ್ಲಿ ಯಾರದೋ ಮನೆಯ ಅಂಚೆಪೆಟ್ಟಿಗೆ ಕೆಡವಿದ, ಪೊಲೀಸರು ಬಂದು ಕೈಗೆ ಬೇಡಿ ಹಾಕಿದರು. ಹಿಂದಿನ ಸೀಟಿನಲ್ಲಿ ನಾನಿದ್ದೆ. ನನಗೆ ಒಂದು ತರಚುಗಾಯವೂ ಆಗಲಿಲ್ಲ, ಆದರೆ ‘ಅಜ್ಜಿ ವಾಸ್ ಇನ್ ದಟ್ ಕಾರ್, ಡ್ಯಾಡ್’ ಎಂದು ನೀನು ಫೋನಿನಲ್ಲಿ ಕೂಗಿದ್ದು ಅಡುಗೆಮನೆಯವರೆಗೂ ಕೇಳಿತು. ನಿನ್ನ ಸಿಟ್ಟು ಸುಳ್ಳಲ್ಲ. ಕಾರು ಎಷ್ಟು ಭದ್ರ ಎಂದು ಪರೀಕ್ಷಿಸಲು ದಿನವಿಡೀ ಗೊಂಬೆಗಳನ್ನು ಅದರಲ್ಲಿ ಕೂರಿಸಿ ಗೋಡೆಗೆ ಗುದ್ದಿಸಿ, ಯಾವ ಮೂಳೆ ಮುರಿಯಿತು ಎಂದು ನೋಡುವ ಕೆಲಸ ನಿನ್ನದು. ಆ ಗೊಂಬೆಯ ಜಾಗದಲ್ಲಿ ನಿನಗೆ ನಾನು ಕಂಡಿರುತ್ತೇನೆ. ನಿಮ್ಮಪ್ಪನೂ ಸಬೂಬು ಹೇಳಲಿಲ್ಲ. ಪೊಲೀಸರಿಗೆ, ಜಡ್ಜಿಗೆ, ಕುಡಿದು ಓಡಿಸಿದವರು ಶನಿವಾರ ಶನಿವಾರ ಹೋಗಬೇಕಾದ ಆ ಕ್ಲಾಸಿನವರಿಗೆ, ಎಲ್ಲರಿಗೂ ಅವನು ಹೇಳಿದ್ದು ಒಂದೇ ಮಾತು: ತಪ್ಪು ನನ್ನದು.

ಲೈಸೆನ್ಸ್ ಹೋದ ಮೇಲೆ ಸೈಕಲ್ ತಂದ. ಐವತ್ನಾಲ್ಕರ ಗಂಡಸು, ತಲೆಗೆ ಹೆಲ್ಮೆಟ್ಟು, ಕಿವಿಗೆ ನಾನು ಹೆಣೆದ ಕುಲಾವಿ, ನೀರು ಹೆಪ್ಪುಗಟ್ಟುವ ಹದಿನೈದು ಡಿಗ್ರಿ ಚಳಿಯಲ್ಲಿ ಇಟಾಸ್ಕಾದ ಆಫೀಸಿಗೆ ಐದು ಮೈಲಿ ತುಳಿಯುತ್ತಿದ್ದ. ಹೊಟ್ಟೆ ಕರಗಿತು ನೋಡು, ಹಳೆಯ ಪ್ಯಾಂಟೆಲ್ಲ ಈಗ ಪೈಜಾಮದ ಹಾಗೆ ಜೋಲುತ್ತಿವೆ. ಅವತ್ತಿನಿಂದ ಒಂದು ತೊಟ್ಟು ಮುಟ್ಟಿಲ್ಲ. ಜಗನ್ನಾಥ ಅಂಕಲ್ ಮನೆಯಲ್ಲಿ ಈಗ ಇವನಿಗೆಂದೇ ಇಂಗು ಒಗ್ಗರಿಸಿದ ಮಜ್ಜಿಗೆ ಇಡುತ್ತಾರೆ, ಅದನ್ನೇ ಎರಡು ಲೋಟ ಏರಿಸಿ ಎಲ್ಲರಿಗಿಂತ ಜೋರಾಗಿ ನಗುತ್ತಾನೆ.

ಈ ಆಗಸ್ಟಿನಲ್ಲಿ ವಿಚಾರಣೆ ಮಾಡಿದ ಅಧಿಕಾರಿ ಷರತ್ತಿನ ಮೇಲೆ ಕಾರು ಓಡಿಸುವ ಪರ್ಮಿಟ್ಟು ಕೊಡಲು ಒಪ್ಪಿದರು. ಒಪ್ಪಿದರೆ ಸಾಲದು, ಇವನಿಗೆ ಇನ್ಶೂರೆನ್ಸ್ ಇದೆ ಎಂದು ಕಂಪನಿಯವರೇ ನೇರವಾಗಿ ಸರ್ಕಾರಕ್ಕೆ ಪ್ರಮಾಣಪತ್ರ ಕಳಿಸಬೇಕಂತೆ. ಹಳೆಯ ಕಂಪನಿ ಆಗಲೇ ಕೈಬಿಟ್ಟಿತ್ತು. ಹೊಸಬರಿಗೆ ಫೋನ್ ಮಾಡಿದರೆ ಮೊದಲು ಜೇನಿನಂಥ ದನಿ. ಇವನು ನಡೆದದ್ದನ್ನು ಹೇಳಿದ ಮೇಲೆ ‘ಒಂದು ನಿಮಿಷ ಸರ್’ ಎಂದು ಸಂಗೀತ ಹಾಕಿ ಹೋದವರು ವಾಪಸ್ಸು ಬರುತ್ತಲೇ ಇರಲಿಲ್ಲ. ಆ ಸಂಗೀತ ನನಗೆ ಬಾಯಿಪಾಠ ಆಗಿಹೋಯಿತು, ಈಗಲೂ ದೋಸೆ ಹುಯ್ಯುವಾಗ ಗುನುಗುತ್ತೇನೆ. ಕೊನೆಗೆ ಇಲ್ಲೇ ಕಿರಾಣಿ ಅಂಗಡಿಯ ಪಕ್ಕ ಆಫೀಸಿಟ್ಟಿರುವ ರಿಷಭ್ ಎಂಬ ಏಜೆಂಟ್ ಸಿಕ್ಕ. ಬೆಳಗಾವಿ ಕಡೆಯವನು, ನಿನಗಿಂತ ನಾಲ್ಕು ವರ್ಷ ದೊಡ್ಡವನಿರಬಹುದು. ನನ್ನ ಮುಖ ನೋಡಿದವನೇ ‘ಅಜ್ಜಿ, ಚಿಂತಿ ಮಾಡಬ್ಯಾಡ್ರಿ, ನಾ ಅದೀನಲ್ಲ’ ಅಂದ. ಅಷ್ಟಕ್ಕೇ ನನಗೆ ಅರ್ಧ ಬಿಪಿ ಇಳಿಯಿತು. ಕಂತು ಹಿಂದಿನದಕ್ಕಿಂತ ಬಹಳ ಜಾಸ್ತಿ, ಅದು ನಮ್ಮ ಕರ್ಮ, ಆದರೆ ಅವನು ನಿಮ್ಮಪ್ಪನಿಗೆ ಒಂದು ಮಾತನ್ನು ಮೂರು ಸಲ ಹೇಳಿದ: ‘ಒಂದ್ ದಿನಾನೂ ತಪ್ಪಸಬ್ಯಾಡ್ರಿ ಸರ್, ಪಾಲಿಸಿ ನಿಂತ್ರ ಕಂಪನಿಯವ್ರು ಸರ್ಕಾರಕ್ಕ ತಿಳಸ್ತಾರ, ಪರ್ಮಿಟ್ ಹೋಗ್ತೈತಿ.’ ಪಾಲಿಸಿಗೆ ಮನೆಯಲ್ಲಿರುವ ದೊಡ್ಡವರ ಹೆಸರೆಲ್ಲ ಬೇಕಂತೆ. ಅಜ್ಜಿ ಗಾಡಿ ಓಡಸ್ತೀರೇನ್ರಿ ಎಂದು ಕೇಳಿದ. ಮೈಸೂರಿನಲ್ಲಿ ಸ್ಕೂಲಿಗೆ ಹೋಗಲು ಇಪ್ಪತ್ತು ವರ್ಷ ಮೊಪೆಡ್ ಓಡಿಸಿದ್ದೇನೆ, ಒಂದು ಕೋಳಿಗೂ ಗುದ್ದಿಲ್ಲ ಎಂದು ಬೀಗಿದೆ. ಅವನು ನಕ್ಕು, ಶ್ರೀಮತಿ ಪದ್ಮ ಈ ಕಾರನ್ನು ಯಾವ ಕಾರಣಕ್ಕೂ ಓಡಿಸತಕ್ಕದ್ದಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿದ. ಎಪ್ಪತ್ತೆಂಟರಲ್ಲಿ ನನ್ನ ಮೇಲೂ ಒಂದು ನಿರ್ಬಂಧ ಬಂತಲ್ಲ ಎಂದು ನಿಮ್ಮಪ್ಪನ ಎದುರು ಜಂಬ ಕೊಚ್ಚಿಕೊಂಡೆ. ಎಷ್ಟೋ ತಿಂಗಳ ಮೇಲೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ ಕಣೇ. ನನಗೆ ಅಲ್ಲೇ ಕಣ್ಣು ತುಂಬಿತು.

ಪರ್ಮಿಟ್ಟು ಬಂದ ದಿನ ಮನೆಯಲ್ಲಿ ಒಬ್ಬಟ್ಟು. ಅದರಲ್ಲಿ ಬರೆದಿರುವುದು ಆಫೀಸು, ಆ ಶನಿವಾರದ ಕ್ಲಾಸು ಮತ್ತು ನನ್ನ ಡಾಕ್ಟರು, ಅದೂ ಗೊತ್ತಾದ ಹೊತ್ತಿನಲ್ಲಿ, ಇಷ್ಟೇ ಮೈಲಿ ಒಳಗೆ. ನಾನು ರಾಹುಕಾಲ ನೋಡುತ್ತೇನೆಂದು ಜೀವಮಾನವೆಲ್ಲ ಆಡಿಕೊಂಡವನು ಈಗ ಗಡಿಯಾರ ನೋಡದೆ ಗ್ಯಾರೇಜಿನ ಬಾಗಿಲು ತೆಗೆಯುವುದಿಲ್ಲ. ಕಾರಿಗೊಂದು ಯಂತ್ರ ಬೇರೆ. ಅದರ ಕೊಳವೆಗೆ ಊದಿ, ಉಸಿರು ಶುದ್ಧವಾಗಿದೆ ಎಂದು ಅದು ಒಪ್ಪಿದರೇ ಎಂಜಿನ್ ಶುರು.

ಇನ್ನು ನನ್ನ ಘನಂದಾರಿ ಕೆಲಸ ಕೇಳು. ಆಯುಧಪೂಜೆ ಬಂತು. ಹೋದ ವರ್ಷ ಸೈಕಲ್ಲಿಗೆ ಪೂಜೆ ಮಾಡಿದ್ದೆವು, ಈ ವರ್ಷ ಕಾರು ಸಿಕ್ಕಿದೆ, ಬಿಡುತ್ತೇನೆಯೇ? ನಿಮ್ಮಪ್ಪ ಊದಿ, ಕಾರನ್ನು ಗ್ಯಾರೇಜಿನಿಂದ ಹೊರಗೆ ತಂದು ನಿಲ್ಲಿಸಿದ. ಚೆಂಡುಹೂವಿನ ಹಾರ ಹಾಕಿದೆ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ, ಸ್ಟೀರಿಂಗಿಗೆ ಗಂಧ ಹಚ್ಚಿದೆ. ಅಷ್ಟೆಲ್ಲ ಮಾಡಿ, ನನ್ನ ಮಗನನ್ನು ಕಾಯುತ್ತಿರುವ ಆ ಯಂತ್ರವನ್ನು ಬಿಟ್ಟರೆ ಹೇಗೆ? ಗಾಜಿನ ಮೇಲೆ ಅದರದ್ದೇ ಒಂದು ಪುಟ್ಟ ಕಣ್ಣಿನಂಥದ್ದು ಕಂಡಿತು. ಭಕ್ತಿಯಿಂದ ಗಂಧ ಹಚ್ಚಿ, ಮೇಲೆ ದಪ್ಪಗೆ ಕುಂಕುಮ ಇಟ್ಟೆ. ಅದು ಕ್ಯಾಮೆರಾ ಕಣೇ! ಊದುತ್ತಿರುವುದು ಇವನೇ ಹೌದೋ ಅಲ್ಲವೋ ಎಂದು ಪ್ರತಿ ಸಲವೂ ಫೋಟೋ ತೆಗೆಯುತ್ತದಂತೆ. ನಿಮ್ಮಪ್ಪ ಒಂದು ವಾರ ಗಮನಿಸಲೇ ಇಲ್ಲ. ಯಂತ್ರ ತಪಾಸಣೆಗೆ ಹೋದಾಗ ನೋಡಿದರೆ ಅಷ್ಟೂ ಫೋಟೋ ಕೆಂಪು ಕತ್ತಲು. ಹತ್ತು ದಿನಕ್ಕೆ ಸರ್ಕಾರದಿಂದ ಕಾಗದ ಬಂತು: ಕ್ಯಾಮೆರಾ ಮುಚ್ಚಿದ್ದು ಯಾಕೆ, ಸಮಜಾಯಿಷಿ ಕೊಡಿ, ಇಲ್ಲದಿದ್ದರೆ ಪರ್ಮಿಟ್ಟು ರದ್ದು.

ನಾನು ಆ ಕಾಗದವನ್ನು ಎರಡೆರಡು ಸಲ ಓದಿದೆ. ಅವನು ಮಾತ್ರ ಬಿಡಮ್ಮಾ, ನಾನು ನೋಡ್ಕೋತೀನಿ ಎಂದು ಮೇಲೆ ಹೋದ. ಆಮೇಲೆ ಪ್ರಿಂಟರಿನ ತಟ್ಟೆಯಲ್ಲಿ ಅವನ ಉತ್ತರ ನೋಡಿದೆ. ‘ನನ್ನ ಅಜಾಗರೂಕತೆಯಿಂದ ಕ್ಯಾಮೆರಾ ಮುಚ್ಚಿಹೋಗಿತ್ತು’ ಎಂದು ಬರೆದಿದ್ದಾನೆ. ಕುಂಕುಮವೂ ಇಲ್ಲ, ಅಮ್ಮನೂ ಇಲ್ಲ! ಮೂವತ್ತು ವರ್ಷ ಗಣಿತದ ಟೀಚರಾಗಿದ್ದವಳು ತಪ್ಪು ಲೆಕ್ಕಕ್ಕೆ ರೈಟ್ ಹಾಕಲೇ? ಹರಿದು ಬುಟ್ಟಿಗೆ ಹಾಕಿದೆ. ನಾನೇ ಕೂತು ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದೆ. ಆಯುಧಪೂಜೆ ಎಂದರೇನು, ಉಪಕಾರ ಮಾಡುವ ವಸ್ತುವಿಗೆ ನಾವು ಯಾಕೆ ಕೈಮುಗಿಯುತ್ತೇವೆ, ಕುಂಕುಮ ಇಟ್ಟವಳು ಪದ್ಮ, ಮಗನಿಗೆ ಗೊತ್ತಿರಲಿಲ್ಲ, ಇತಿ ನಮಸ್ಕಾರ. ಸಾಕ್ಷಿಯೂ ಇತ್ತು. ಕಾರು ಹೊರಗೆ ತರುವಾಗ ಆ ಯಂತ್ರವೇ ತೆಗೆದ ಕೊನೆಯ ಸರಿಯಾದ ಫೋಟೋದಲ್ಲಿ ನಿಮ್ಮಪ್ಪ ಕೆನ್ನೆಯುಬ್ಬಿಸಿ ಊದುತ್ತಿದ್ದಾನೆ, ಕಿಟಕಿಯಾಚೆ ನಾನು ಆರತಿ ತಟ್ಟೆ ಹಿಡಿದು ಹಲ್ಲು ಕಿರಿಯುತ್ತಿದ್ದೇನೆ. ಮೊನ್ನೆ ಶುಕ್ರವಾರ ಉತ್ತರ ಬಂತು, ವಿವರಣೆ ಒಪ್ಪಲಾಗಿದೆ ಎಂದು. ರಿಷಭ್ ಆ ಫೋಟೋ ಕೇಳಿ ತೆಗೆದುಕೊಂಡು ತನ್ನ ಆಫೀಸಿನ ಗೋಡೆಗೆ ಅಂಟಿಸಿದ್ದಾನೆ. ನಿಮ್ಮಮ್ಮ ಅದನ್ನು ನೋಡಿದಾಗಲೆಲ್ಲ ಬಿದ್ದು ಬಿದ್ದು ನಗುತ್ತಾಳೆ. ನಾಚಿಕೆಯಾದರೂ ನನಗೆ ಈ ಮನೆಯಲ್ಲಿ ಇಷ್ಟು ನಗು ಕೇಳಿ ಎಷ್ಟು ಸಂತೋಷವಾಗಿದೆ ಎಂದು ಹೇಳಲಾರೆ.

ಈಗ ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಿಮ್ಮಮ್ಮನಿಗೆ ರಜೆಯಿಲ್ಲ, ಆದರೆ ನಾನು ನಿನ್ನ ಹತ್ತಿರ ಬರುವುದು ಖಂಡಿತ. ನಿಮ್ಮಪ್ಪನ ಪರ್ಮಿಟ್ಟಿಗೆ ನಮ್ಮ ರಾಜ್ಯ ದಾಟಿ ನಿನ್ನ ಮಿಶಿಗನ್‌ಗೆ ಬರುವ ಭಾಗ್ಯವಿಲ್ಲ, ಅದಕ್ಕೇ ಹಬ್ಬದ ಹಿಂದಿನ ದಿನ ಬುಧವಾರದ ರೈಲು. ನಿನಗೆ ಹತ್ತಿರದ ಟ್ರಾಯ್ ಸ್ಟೇಷನ್ನಿಗೆ ನೀನೇ ಬರಬೇಕು. ಒಂದು ಟಿಕೆಟ್ಟೋ ಎರಡೋ ಎಂದು ನಿಮ್ಮಪ್ಪ ನನ್ನನ್ನು ಕೇಳಲಿಲ್ಲ. ಒಂದೇ ಬುಕ್ ಮಾಡುತ್ತೇನೆ, ಶಿಕಾಗೋದಲ್ಲಿ ರೈಲು ಹತ್ತಿಸುತ್ತೇನೆ ಅಂದ. ಅಂದವನು ಆಮೇಲೆ ಬಹಳ ಹೊತ್ತು ಸಿಂಕಿನ ಮುಂದೆ ನಿಂತು, ತೊಳೆದ ಲೋಟವನ್ನೇ ತೊಳೆಯುತ್ತಿದ್ದ.

ನಿನಗೆ ಚಕ್ಕುಲಿ, ಕೊಬ್ಬರಿಮಿಠಾಯಿ ತರುತ್ತೇನೆ. ಸರಿಯಾಗಿ ಉಣ್ಣು, ನಿದ್ದೆ ಮಾಡು. ನೀನು ಗೋಡೆಗೆ ಗುದ್ದಿಸಿ ನೋಡಿದಂಥ ಕಾರುಗಳಲ್ಲಿ ನಾಳೆ ಕೂರುವ ಜನರೆಲ್ಲ ಸುಖವಾಗಿ ಮನೆ ಸೇರಲಿ, ಆ ಪುಣ್ಯ ನಿನಗೆ ಬರಲಿ.

ನಿನ್ನ ಗೊಂಬೆಗಳಿಗೂ ನನ್ನ ಆಶೀರ್ವಾದ.

ನಿನ್ನ ಅಜ್ಜಿ,
ಪದ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಸರ್ಕಾರಕ್ಕೆ ನಿಜ ಬರೆದವಳು ಮೊಮ್ಮಗಳಿಗೆ ಮುಚ್ಚಿಟ್ಟರೆ ಹೇಗೆ? ಅವತ್ತು ಪಾರ್ಟಿಯಿಂದ ಹೊರಟಾಗ ನಿಮ್ಮಪ್ಪ ಟ್ಯಾಕ್ಸಿ ಕರೆದಿದ್ದ. ಹನ್ನೆರಡು ನಿಮಿಷ ಅಂತ ಫೋನಿನಲ್ಲಿ ತೋರಿಸುತ್ತಿತ್ತು. ಚಳಿ ಕಣೋ, ನನ್ನ ಮಂಡಿ ನೋಯ್ತಾ ಇದೆ, ಎರಡು ಗ್ಲಾಸಿಗೆ ಏನಾಗತ್ತೆ, ನೀನೇ ಓಡಿಸು ಎಂದು ಅದನ್ನು ಕ್ಯಾನ್ಸಲ್ ಮಾಡಿಸಿದವಳು ನಾನು. ಕುಡಿದದ್ದು ಅವನೇ, ಸ್ಟೀರಿಂಗ್ ಹಿಡಿದದ್ದೂ ಅವನೇ, ಅದಕ್ಕೆ ಮಾಫಿಯಿಲ್ಲ. ಆದರೆ ಇಪ್ಪತ್ತು ತಿಂಗಳಲ್ಲಿ ಪೊಲೀಸರ ಹತ್ತಿರ, ಜಡ್ಜಿಯ ಹತ್ತಿರ, ನಿನ್ನ ಹತ್ತಿರ ಕೂಡ ಅವನು ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ, ನೀನು ನನ್ನ ಜೊತೆ ಮಾತು ಬಿಟ್ಟರೆ ಎಂಬ ಹೆದರಿಕೆಗೆ. ಅವನೊಬ್ಬನೇ ಬೈಸಿಕೊಂಡದ್ದು ಸಾಕು. ಈಗಷ್ಟೇ ಕೆಳಗೆ ಹೋಗಿ ಅವನ ಕೈಯಲ್ಲೇ ಎರಡು ಟಿಕೆಟ್ ಮಾಡಿಸಿ ಬಂದೆ, ಅಕ್ಕಪಕ್ಕದ ಸೀಟು. ಸ್ಟೇಷನ್ನಿಗೆ ಬಾ, ಇಬ್ಬರಿಗೂ ಸೇರಿಸಿ ಬೈಯಿ, ಆಮೇಲೆ ಇಬ್ಬರನ್ನೂ ನಿನ್ನ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಕರೆದುಕೊಂಡು ಹೋಗು.