ಪ್ರಿಂಟರಿಗೆ ಬಳಿದ ವಿಭೂತಿ

ತಾಳವಾಡಿ
ಮೇ ೨೦೦೭

ಪ್ರೀತಿಯ ಪರಿಮಳಾ,

ಓದುವ ಮೊದಲು ಈ ಅಕ್ಷರಗಳನ್ನು ಒಮ್ಮೆ ಸುಮ್ಮನೆ ನೋಡು. ನನ್ನ ಕೈಬರಹ ಕೋಳಿ ಕೆದಕಿದ ತಿಪ್ಪೆ ಎಂದು ನಗುತ್ತಿದ್ದವಳು ನೀನು. ಇದು ಕೈಬರಹವಲ್ಲ. ಮೂರು ದಿನ ಒಂದೇ ಬೆರಳಿನಲ್ಲಿ ಕುಟ್ಟಿ, ನಮ್ಮ ಅಂಗಡಿಯ ಮೂಲೆಯಲ್ಲಿದ್ದ ಅದೇ ಪ್ರಿಂಟರಿನಿಂದ ತೆಗೆದದ್ದು. ನೂಲಿನ ಮಿಲ್ಲಿನ ಹಾಸ್ಟೆಲ್ಲಿನಲ್ಲಿ ಕೂತು ನೀನು ಇದನ್ನು ನಂಬುತ್ತೀಯೋ ಇಲ್ಲವೋ.

ಹೋದ ವರ್ಷ ವೈರಸ್ ಬಂದು ಕಂಪ್ಯೂಟರ್ ಮಲಗಿದಾಗ, ಅದನ್ನು ನಡೆಸುವ ಹಳೆಯ ತಂತ್ರಾಂಶ ತೆಗೆದು ಲಿನಕ್ಸ್ ಹಾಕಿದವಳು ನೀನೇ. ಇದನ್ನು ಹಂಚುವುದಕ್ಕೂ ತಿದ್ದುವುದಕ್ಕೂ ಯಾರ ಅಪ್ಪಣೆಯೂ ಬೇಡ ಎಂದಿದ್ದೆ. ಕನ್ನಡ ಬಂತು, ತಮಿಳು ಬಂತು, ಪ್ರಿಂಟರು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಈ ಗಡಿಯೂರಿನಲ್ಲಿ ಸರ್ಕಾರಕ್ಕೆ ತಮಿಳಿನಲ್ಲಿ ಅರ್ಜಿ, ನೆಂಟರಿಗೆ ಕನ್ನಡದಲ್ಲಿ ಮದುವೆ ಕಾಗದ ಅಚ್ಚು ಹಾಕುವ ಅಂಗಡಿಗೆ ಪ್ರಿಂಟರೇ ಇಲ್ಲವೆಂದರೆ ಬಾಗಿಲು ಮುಚ್ಚುವುದೊಂದೇ ಬಾಕಿ.

ಲಿನಕ್ಸ್ ಮಾಡುವವರಿಗೆ ನೀನು ಬರೆದು ಕೇಳಿದೆ. ಪ್ರಿಂಟರಿನ ಬೆನ್ನ ಮೇಲಿನ ನಂಬರು ಕಳಿಸಿ ಎಂದರು ಅವರು. ಆಯುಧಪೂಜೆಯ ದಿನ ಆ ನಂಬರಿನ ಚೀಟಿಯ ಮೇಲೆಯೇ ವಿಭೂತಿಯ ಮೂರು ಪಟ್ಟೆ ಎಳೆದು ಕುಂಕುಮ ಇಟ್ಟಿದ್ದವನು ನಾನು. ಒದ್ದೆ ಬಟ್ಟೆಯಲ್ಲಿ ಉಜ್ಜಿ ಚೀಟಿಯನ್ನೇ ಕಿತ್ತವನೂ ನಾನೇ. ಬೈಸಿಕೊಂಡದ್ದು ನೀನು. "ಚೀಟಿ ಕಿತ್ತೋದ್ರೆ ಓಗ್ಲಿ ಬುದ್ದಿ, ಅದ್ರ ನಂಬ್ರ ಅದ್ಕೇ ಗೊತ್ತಿರ್ತದೆ. ನಾವು ಕೇಳ್ಬೇಕು ಅಷ್ಟೆ" ಎಂದು ನೀನು ಏನೋ ಒಂದು ಸಾಲು ಟೈಪು ಮಾಡಿದೆ. ಪ್ರಿಂಟರು ತನ್ನ ಗುರುತನ್ನು ತಾನೇ ತೆರೆಯ ಮೇಲೆ ಹೇಳಿತು. ಆಗಲೇ ನಾನು ನಿನ್ನನ್ನು ಮೆಚ್ಚಬೇಕಿತ್ತು. ಮೆಚ್ಚಿದೆ ಕೂಡ, ಬಾಯಿ ಬಿಟ್ಟು ಹೇಳಲಿಲ್ಲ.

ಆಮೇಲೆ ಭಾನುವಾರ ಬಂದರೆ ಚಾಮರಾಜನಗರದ ಬಸ್ಸು. ಅಲ್ಲಿನ ಬ್ರೌಸಿಂಗ್ ಸೆಂಟರಿನಿಂದ ಲಿನಕ್ಸಿನವರು ಕಳಿಸಿದ ತಿದ್ದುಪಡಿಯನ್ನು ತಂದು ನೀನು ಇಲ್ಲಿ ಹಾಕಿ ನೋಡುವೆ. ಪುಟದ ತುಂಬ ಕಪ್ಪು ಪಟ್ಟೆ. ಎಲ್ಲಿ ಶುರುವಾಯಿತು, ಎಷ್ಟು ದಪ್ಪ ಎಂದು ಅಳೆದು ಬರೆದು, ಅವರಿಗೆ ತಿಳಿಸಲು ಮುಂದಿನ ವಾರ ಮತ್ತೆ ಬಸ್ಸು ಹತ್ತುವೆ. ಆ ತಾಳ್ಮೆ ನನಗೆ ಏಳು ಜನ್ಮಕ್ಕೂ ಬರದು.

ಒಬ್ಬರಿಗೊಬ್ಬರು ಸಗಣಿ ಎರಚಿಕೊಳ್ಳುವ ಗುಮಟಾಪುರದ ಸಗಣಿ ಹಬ್ಬದ ಮಾರನೆಯ ದಿನ ನೆನಪಿರಬೇಕು. ಪಣಕಹಳ್ಳಿಯ ಜಡೇಸ್ವಾಮಿ ಮಗಳ ಮದುವೆ ಕಾಗದಕ್ಕೆ ಬಂದಿದ್ದ. ಕಪ್ಪು ಬಳಿದುಕೊಂಡು ಹೊರಬಿದ್ದ ಪುಟ ನೋಡಿ, "ಸಗಣಿ ಅಬ್ಬ ನಿಮ್ಮಂಗ್ಡೀಲಿ ಇನ್ನೂ ಮುಗ್ದಿಲ್ವಾ ಗುರುಸ್ವಾಮಿ" ಎಂದು ನಕ್ಕ. ನನ್ನ ಮಾನ ಹೋದಂತಾಯಿತು. "ಕಂಪೀಟ್ರು ನಿನ್ಗಲ್ಲ ಕಣವ್ವ, ನಿಮ್ಮವ್ವನ್ ಜೊತೆ ಒಲಕ್ಕೋಗು" ಎಂದುಬಿಟ್ಟೆ. ನಿನ್ನವ್ವ ಕಳೆ ಕೀಳುವುದು ನನ್ನ ಹೊಲದಲ್ಲೇ ಎಂದು ತಿಳಿದೂ ಅಂದೆ. ನೀನು ಪ್ರಿಂಟರಿಗೆ ಬಟ್ಟೆ ಮುಚ್ಚಿ ಹೊರಟೆ. ಹೊಲಕ್ಕೂ ಹೋಗಲಿಲ್ಲ, ಸತ್ಯಮಂಗಲದ ಕಡೆ ಮಿಲ್ಲಿಗೆ ಸೇರಿದೆ ಎಂದು ಆಮೇಲೆ ತಿಳಿಯಿತು.

ಹೋದ ವಾರ ಅಂಗಡಿಯ ವಿಳಾಸಕ್ಕೆ, ನಿನ್ನ ಹೆಸರಿಗೆ, ಹೊಸ ಲಿನಕ್ಸಿನ ಸಿ.ಡಿ. ಬಂತು. ಗೋಡೆಗೆ ನೀನು ಅಂಟಿಸಿದ್ದ ಹಾಳೆಯಲ್ಲಿರುವಂತೆ ಒಂದೊಂದೇ ಮಾಡುತ್ತಾ ಹೋದೆ. ವರ್ಷದಿಂದ ಮೂಕವಾಗಿದ್ದ ಸ್ಪೀಕರು ದನಿ ಎತ್ತಿತು. ಸಿಕ್ಕಿಸಿದ ತಕ್ಷಣ ಪೆನ್‌ಡ್ರೈವ್ ತೆರೆದುಕೊಂಡಿತು. ಬಟ್ಟೆ ತೆಗೆದು ಪ್ರಿಂಟರಿನ ವೈರು ಹಾಕಿದೆ. ನಾನು ಏನೂ ಒತ್ತುವ ಮೊದಲೇ ಅದರ ಹೆಸರು ತೆರೆಯ ಮೇಲೆ ಬಂತು. ಅಚ್ಚಾದ ಪುಟ ಬಿಳಿಯಾಗಿತ್ತು ಪರಿಮಳಾ, ಒಂದೇ ಒಂದು ಪಟ್ಟೆ ಇರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಅತ್ತೆ.

ಹೊಸದಾಗಿ ಯಾವ ಯಾವ ಯಂತ್ರ ನಡೆಯುತ್ತವೆ ಎಂಬ ಪಟ್ಟಿಯೂ ಸಿ.ಡಿ.ಯಲ್ಲಿದೆ. ನಮ್ಮ ಪ್ರಿಂಟರಿನ ಮುಂದೆ ಇಂಗ್ಲಿಷಿನಲ್ಲಿ ಹೀಗಿದೆ: ಪರೀಕ್ಷಿಸಿದವರು, ಪರಿಮಳ, ತಾಳವಾಡಿ. ಆ ಪುಟವನ್ನು ಅಚ್ಚು ಹಾಕಿ ಹೊಲಕ್ಕೆ ಒಯ್ದೆ. ನಿನ್ನವ್ವ ಕರಿಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, "ನನ್ ಮಗ್ಳೆಸ್ರು ಎಲ್ಲದೆ ಬುದ್ದಿ, ಬೆರ್ಳಿಟ್ಟು ತೋರ್ಸಿ" ಎಂದಳು. ತೋರಿಸಿದೆ. ಎರಡು ವರ್ಷ ನಾನು ನಿನ್ನನ್ನು 'ಕರಿಯಮ್ಮನ ಮಗಳೇ' ಎಂದೇ ಕೂಗಿದ್ದೆ. ಯಾವ ಊರಿನವರೋ ನಿನ್ನ ಹೆಸರು ಕೇಳಿ ಬರೆದುಕೊಂಡಿದ್ದಾರೆ.

ತಪ್ಪಾಯಿತು ತಾಯಿ. ಅಂಗಡಿಯ ಎರಡನೆಯ ಕೀಲಿಕೈ ಈ ಲಕೋಟೆಯಲ್ಲಿದೆ. ಬೋರ್ಡಿನಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಬರುವುದಾದರೆ ಒಡೆಯನನ್ನು ಕರೆದಂತೆ ಬುದ್ಧಿ ಎನ್ನಬೇಡ, ಅಣ್ಣ ಎನ್ನು. ಬರಲು ಮನಸ್ಸಿಲ್ಲದಿದ್ದರೂ ಕೀಲಿಕೈ ನಿನ್ನದೇ, ವಾಪಸು ಕಳಿಸಬೇಡ.

ಬೀರೇಶ್ವರ ನಿನ್ನ ಕಣ್ಣನ್ನೂ ಕೈಯನ್ನೂ ಚೆನ್ನಾಗಿಟ್ಟಿರಲಿ. ಈ ಸಲದ ಆಯುಧಪೂಜೆಗೆ ನಾನು ಪ್ರಿಂಟರನ್ನು ಮುಟ್ಟುವುದಿಲ್ಲ. ವಿಭೂತಿ ಎಲ್ಲಿಡಬೇಕೋ ನೀನೇ ಬಂದು ಇಡು.

ಅಣ್ಣ ಎನ್ನಿಸಿಕೊಳ್ಳಲು ಕಾದಿರುವ,
ಗುರುಸ್ವಾಮಿ