ಬೆರಳಿಗೆ ಸಿಗುವ ಮುಖ

ಮನೆಯಿಂದ, ಮಷೀನಿನ ಕೋಣೆ
ಹದಿನೇಳನೇ ತಾರೀಖು, ಮಂಗಳವಾರ, ಬೆಳಗಿನ ಹತ್ತು ಗಂಟೆ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮಂಡಿಯ ಊತ ಇಳಿಯಿತೇ? ಡಾಕ್ಟರು ಕೊಟ್ಟ ಕಣ್ಣಿನ ಹನಿಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತಿದ್ದೀರಾ, ಇಲ್ಲ “ಉರಿಯುತ್ತೆ ಕಣೇ, ನಾಳೆ ನೋಡೋಣ” ಅಂತ ಮಗಳ ಮುಂದೆಯೂ ಅದೇ ಆಟ ಆಡುತ್ತಿದ್ದೀರಾ? ಪುಟ್ಟಿಯನ್ನು ಕೇಳಿದರೆ “ಅಮ್ಮ ಆರಾಮಾಗಿದಾಳೆ ಅತ್ತಿಗೆ” ಅನ್ನುತ್ತಾಳೆ. ಅವಳು ಹುಟ್ಟಿದಾಗಿನಿಂದಲೂ ಎಲ್ಲದಕ್ಕೂ ಆರಾಮು ಅನ್ನುವವಳು ಅಂತ ನೀವೇ ಹೇಳಿದ್ದೀರಿ, ಹಾಗಾಗಿ ನಾನು ನಂಬುವುದಿಲ್ಲ. ಫೋನು ಇರುವಾಗ ಕಾಗದ ಯಾಕೆ ಅಂತೀರೇನೋ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಮಾತು ಬದಲಿಸಿಬಿಡುತ್ತೀರಿ. ಕಾಗದವಾದರೆ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ. ಪುಟ್ಟೀ, ಇದನ್ನು ಅಮ್ಮನಿಗೆ ಓದಿ ಹೇಳುವವಳು ನೀನೇ ಅಂತ ಗೊತ್ತು. ಗಂಟಲು ಒಣಗಿದರೆ ನೀರು ಕುಡಿದು ಮುಂದುವರಿಸು, ಸಾಲು ಹಾರಿಸಬೇಡ.

ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮ ಮಗ ಎರಡು ಕಿಲೋ ಇಳಿದಿದ್ದಾರೆ. ನನ್ನ ಅಡುಗೆಯೇ ಕಾರಣವಂತೆ, ಹಾಗಂತ ಮೂರು ಸಲ ಬಡಿಸಿಕೊಂಡು ಹೇಳುತ್ತಾರೆ. ಬಚ್ಚಲಿನ ನಲ್ಲಿ ಸೋರುವುದು ನಿಂತಿದೆ. ನಿಮ್ಮ ಕುರ್ಚಿಯ ಮೇಲೆ ಯಾರೂ ಕೂರುವುದಿಲ್ಲ, ಆದರೂ ದಿನಾ ಅದರ ಮೇಲಿನ ಮರದ ಪುಡಿ ಒರೆಸುತ್ತೇನೆ. ಒರೆಸುವಾಗಲೆಲ್ಲ ಈ ಮರ ಕೆತ್ತುವ ಮಷೀನು ಮನೆಗೆ ಬಂದ ದಿನದ ನೆನಪು. ಬೀರುವಿನ ಬಾಗಿಲು ಕೊಯ್ಯಲೆಂದು ಇವರು ತಂದಿದ್ದರು. ಮಂಚದಷ್ಟು ದೊಡ್ಡ ಹಾಸು, ಅದರ ಮೇಲೆ ಅತ್ತಿಂದಿತ್ತ ಓಡಾಡುವ ತಲೆ, ತಲೆಗೆ ಸಿಕ್ಕಿಸಿದ, ಮರ ಕೊರೆಯುವ ಚೂಪಾದ ಬಿಟ್, ಪಕ್ಕದಲ್ಲಿ ಒಂದು ಹಳೆ ಕಂಪ್ಯೂಟರು. ನಾನು ಹತ್ತಿರ ಹೋದರೆ “ಅದು ನಿನ್ನ ಕೈಲಾಗೋದಲ್ಲ, ಮುರಿದೀಯ” ಅಂದರು. ನೀವು ಅಡುಗೆಮನೆಯಿಂದಲೇ ಕೂಗಿದಿರಿ, “ಮುಟ್ಟಲಿ ಬಿಡೋ! ಮುರಿದರೆ ಮರ ತಾನೇ ಮುರಿಯೋದು, ಮನೆಯೇನಲ್ಲವಲ್ಲ!” ಆಮೇಲೆ ಆರು ತಿಂಗಳು ಒಲೆಯ ಹತ್ತಿರಕ್ಕೂ ನನ್ನನ್ನು ಬಿಡಲಿಲ್ಲ. ಆಗಲೇ ನಿಮ್ಮ ಕಣ್ಣು ಮಬ್ಬಾಗಿತ್ತು. ಮಬ್ಬುಗಣ್ಣಿನಲ್ಲೇ ಮನೆಯವರಿಗೆಲ್ಲ ಬೇಯಿಸಿ ಹಾಕಿ, ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಿರಿ. ಇವತ್ತು ಜನ ಮರದಲ್ಲಿ ಕೆತ್ತಿಸಿಕೊಳ್ಳಲು ಫೋಟೋ ಹಿಡಿದುಕೊಂಡು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಮೊನ್ನೆ ಒಬ್ಬರು ತಮ್ಮ ಲಾರಿಯದೇ ಫೋಟೋ ಕೊಟ್ಟು, ಹೆಂಡತಿಯದಕ್ಕಿಂತ ದೊಡ್ಡದಾಗಿ ಕೆತ್ತಿ ಅಂದರು. ಈ ಕೆಲಸ ನನ್ನದು ಅಂತ ನಾನು ಹೇಳಿಕೊಳ್ಳುವುದಾದರೆ ಅದು ನೀವು ಕೊಟ್ಟದ್ದು. ಒಂದು ಸಲವೂ ಬಾಯಿ ಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಸೊನ್ನೆಯ ಪಾಠ ನೆನಪಿದೆಯಾ? ಕೆತ್ತನೆ ಶುರು ಮಾಡುವ ಮುಂಚೆ ಹಲಗೆಯ ಒಂದು ಮೂಲೆ ತೋರಿಸಿ, ಇದು ನಿನ್ನ ಸೊನ್ನೆ, ಇಲ್ಲಿಂದ ಅಳೆದುಕೋ ಅಂತ ಮಷೀನಿಗೆ ಹೇಳಬೇಕು. ಮಧ್ಯದಲ್ಲಿ ಹಲಗೆ ಬಿಚ್ಚಿ ಮತ್ತೆ ಕೂರಿಸಿದರೆ ಮುಗಿಯಿತು. ಕೂದಲೆಳೆಯಷ್ಟು ಜರುಗಿದರೂ ಮೂಗು ಒಂದು ಕಡೆ, ಹೊಳ್ಳೆ ಒಂದು ಕಡೆ. ನಾನು ಮೊದಲ ತಿಂಗಳು ಹಾಗೇ ಬಿಚ್ಚಿ ಕೂರಿಸಿ ಒಬ್ಬ ಮದುಮಗನಿಗೆ ನಾಲ್ಕು ಹುಬ್ಬು ಮಾಡಿದ್ದೆ. ನಾನು ಅಳುತ್ತಿದ್ದರೆ ನೀವು ಹಲಗೆಯ ಮೇಲೆ ಹೆಬ್ಬೆರಳು ಆಡಿಸಿ, “ಹೆಚ್ಚು ಕೊಟ್ಟಿದೀಯ, ಕಡಿಮೆ ಕೊಟ್ಟಿಲ್ಲವಲ್ಲ, ಬಿಡು” ಅಂದಿರಿ. ಕಣ್ಣು ಇನ್ನಷ್ಟು ಮಂಕಾದ ಮೇಲೆ ಆ ಸೊನ್ನೆಯನ್ನು ನೀವೇ ಎತ್ತಿಕೊಂಡಿರಿ. ಅಡುಗೆಕಟ್ಟೆಯ ಮೂಲೆ ನಿಮ್ಮ ಸೊನ್ನೆ. ಅಲ್ಲಿಂದ ಬಚ್ಚಲಿಗೆ ಏಳು ಹೆಜ್ಜೆ, ಹಿತ್ತಿಲ ಬಾಗಿಲಿಗೆ ಒಂಬತ್ತು, ನನ್ನ ಕೋಣೆಗೆ ಹನ್ನೊಂದು. ದಿನಾ ಸಂಜೆ ಹನ್ನೊಂದು ಹೆಜ್ಜೆ ಎಣಿಸಿಕೊಂಡು ಬಂದು, ಅವತ್ತಿನ ಕೆತ್ತನೆಯನ್ನು ಮುಟ್ಟಿ ನೋಡಿ, “ಇಲ್ಲಿ ಸಿಬಿರು ಎದ್ದಿದೆ, ಮರಳು ಕಾಗದ ಹಾಕು” ಅನ್ನುತ್ತಿದ್ದಿರಿ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಪ್ಪು ತೆಗೆಯುತ್ತಿದ್ದಿರಿ. ಎರಡು ಕಣ್ಣಿರುವ ನಮಗೆ ಅದು ಕಾಣುತ್ತಿರಲಿಲ್ಲ.

ಆ ಹನ್ನೊಂದು ಹೆಜ್ಜೆಯ ದಾರಿಯಲ್ಲೇ ನಾನು ಅವತ್ತು ಹಲಗೆ ಜೋಡಿಸಿಟ್ಟದ್ದು. ಹೊಸದಾಗಿ ಬಂದಿದ್ದವು, ಐದು ನಿಮಿಷದಲ್ಲಿ ಒಳಗೆ ತೆಗೆದಿಡೋಣ ಅಂತ ನಡುಮನೆಯಲ್ಲಿ ಒರಗಿಸಿದೆ, ಫೋನು ಬಂತು, ಮರೆತೆ. ನೀವು ಬಿದ್ದ ಸದ್ದು ಕೇಳಿ ಓಡಿ ಬಂದರೆ, ನೆಲದ ಮೇಲೆ ಕೂತು ಮಂಡಿ ಹಿಡಿದುಕೊಂಡು ಮೊದಲು ಕೇಳಿದ್ದು “ಹಲಗೆಗೇನೂ ಆಗಲಿಲ್ಲ ತಾನೇ?” ಅಂತ. ಬೈದಿದ್ದರೆ ಚೆನ್ನಾಗಿತ್ತು ಅತ್ತೆ. ನೀವು ಬೈಯಲಿಲ್ಲ, ಇವರಿಗೂ ನನ್ನ ತಪ್ಪು ಅಂತ ಹೇಳಲಿಲ್ಲ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿರಿ. ವಾರ ಕಳೆಯುವಷ್ಟರಲ್ಲಿ ಕಣ್ಣು ತೋರಿಸಬೇಕು ಅಂತ ಮಗಳ ಮನೆಗೆ ಹೊರಟಿರಿ. ಮೂರು ತಿಂಗಳಾಯಿತು. “ಮಷೀನಿನ ಮನೇಲಿ ಕಣ್ಣಿಲ್ಲದವಳು ಅವರ ಕಾಲಿಗೆ ಯಾಕೆ ತೊಡರಾಗಲಿ” ಅಂತ ನೀವು ಅಂದದ್ದನ್ನು ಪುಟ್ಟಿ ನನಗೆ ಹೇಳಿಬಿಟ್ಟಿದ್ದಾಳೆ. ಅವಳನ್ನು ಬೈಯಬೇಡಿ. ತೊಡರಾದದ್ದು ನಾನು, ನೀವಲ್ಲ. ತಪ್ಪಾಯಿತು.

ಹೊರಡುವಾಗ ನೀವು ಕೇಳಿದ್ದು ಒಂದೇ. ಗೋಡೆಯ ಮೇಲಿನ ಮಾವನ ಫೋಟೋ ಈಗ ನಿಮಗೆ ಬರೀ ಬೆಳಕಿನ ಚೌಕ. “ಕಣ್ಣಿಗೆ ಸಿಗದಿದ್ದರೆ ಬೆರಳಿಗಾದರೂ ಸಿಗಲಿ, ಅವರನ್ನ ಮರದಲ್ಲಿ ಮಾಡಿಕೊಡು” ಅಂದಿರಿ. ನಾನು ಎಲ್ಲರಿಗೆ ಮಾಡುವ ಹಾಗೇ ಮಾಡಿದೆ. ಫೋಟೋದಲ್ಲಿ ಎಲ್ಲಿ ಕಪ್ಪೋ ಅಲ್ಲಿ ಬಿಟ್ ಆಳಕ್ಕೆ ಇಳಿಯುತ್ತದೆ, ಎಲ್ಲಿ ಬಿಳುಪೋ ಅಲ್ಲಿ ಮರವನ್ನು ಹಾಗೇ ಬಿಡುತ್ತದೆ. ಆಳದಲ್ಲಿ ನೆರಳು ನಿಂತು, ನೋಡಿದವರಿಗೆ ಮುಖ ಕಾಣುತ್ತದೆ. ಒಂಬತ್ತು ಗಂಟೆ ಓಡಿತು ಮಷೀನು. ಇವರು ನೋಡಿ, “ಅಪ್ಪನೇ ಬಂದು ನಿಂತ ಹಾಗಿದೆ” ಅಂತ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದರು. ಹತ್ತಿ ಸುತ್ತಿ ನಿಮಗೆ ಕಳಿಸಿದೆವು. ಪುಟ್ಟಿಯ ಫೋನು ಬಂತು: ಅಮ್ಮ ಮುಟ್ಟಿ ನೋಡಿದಳು, ಚೆನ್ನಾಗಿದೆ ಅಂದಳು, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ನೀವು ನನ್ನ ಕೆಲಸವನ್ನು ಯಾವತ್ತಾದರೂ ಬರೀ “ಚೆನ್ನಾಗಿದೆ” ಅಂತ ಬಿಟ್ಟವರೇ? ಒಂದಾದರೂ ಕೊಂಕು ತೆಗೆಯದೆ ನಿಮಗೆ ಕಾಫಿ ಇಳಿಯುವುದಿಲ್ಲ. ಚೆನ್ನಾಗಿದೆ ಅಂದರೆ ಏನೋ ಚೆನ್ನಾಗಿಲ್ಲ.

ಅದೇ ಫೋಟೋದ ಇನ್ನೊಂದು ತುಂಡು ಪರೀಕ್ಷೆಗೆ ಮಾಡಿಟ್ಟದ್ದು ಇತ್ತು. ಕಣ್ಣಿಗೆ ಟವೆಲು ಕಟ್ಟಿಕೊಂಡು ಕೂತು ಅದನ್ನು ಮುಟ್ಟಿದೆ. ಅಯ್ಯೋ ಅತ್ತೆ! ಮಾವನ ಬಿಳಿ ಮೀಸೆ ಗುಡ್ಡದ ಹಾಗೆ ಎದ್ದಿದೆ. ಕಪ್ಪು ಕನ್ನಡಕ ಎರಡು ಹಳ್ಳ. ಮೂಗು ಕೆನ್ನೆಯಷ್ಟೇ ಚಪ್ಪಟೆ. ಬೆಳಕು ಬಿದ್ದ ಕೆನ್ನೆ ಊದಿಕೊಂಡಿದೆ, ಇನ್ನೊಂದು ಬತ್ತಿಹೋಗಿದೆ. ಎಲ್ಲಕ್ಕಿಂತ ಎತ್ತರದಲ್ಲಿರುವುದು ಹಿಂದಿನ ಸುಣ್ಣದ ಗೋಡೆ! ಗೋಡೆಯೊಳಗೆ ಮಾವ ಮುಳುಗಿಹೋಗಿದ್ದಾರೆ. ಕಣ್ಣಿಗೆ ಮುಖ, ಬೆರಳಿಗೆ ಹಾಳುಬಿದ್ದ ನೆಲ. ಕಾಣದವರಿಗೆ ಕಾಣುವವರ ಲೆಕ್ಕದಲ್ಲಿ ಕೆತ್ತಿ ಕಳಿಸಿದ ಜಾಣೆ ನಾನು. ಅದನ್ನು ನೀವು ಹೇಗೆ ಸವರಿ, ಹುಡುಕಿ, ಸಿಗದೆ, ನನ್ನ ಮನಸ್ಸಿಗೆ ನೋವಾಗಬಾರದು ಅಂತ ಸುಳ್ಳು ಹೇಳಿ ಬಟ್ಟೆ ಸುತ್ತಿಟ್ಟಿರೋ ನೆನೆಸಿಕೊಂಡು ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಹಾಗಾಗಿ ಮೊದಲಿನಿಂದ ಶುರು ಮಾಡಿದೆ. ಈ ಸಲ ಕಪ್ಪು ಬಿಳುಪಿನ ಲೆಕ್ಕವಿಲ್ಲ. ಮೂಗು ಎಷ್ಟು ಎತ್ತರ, ಕಣ್ಣು ಎಷ್ಟು ಒಳಗೆ ಅಂತ ಒಂದೊಂದನ್ನೂ ಕಂಪ್ಯೂಟರಿನಲ್ಲಿ ನಾನೇ ಎಬ್ಬಿಸಬೇಕು. ಆದರೆ ನಾನು ಈ ಮನೆಗೆ ಬರುವಷ್ಟರಲ್ಲಿ ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಒಂದು ಫೋಟೋ ಬಿಟ್ಟರೆ ನನಗೆ ಅವರೇನು ಗೊತ್ತು? ನಿಮ್ಮ ಮಗನನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿ ಮುಖ ಮುಟ್ಟಿ ನೋಡಿದೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಹಾಗೆ ಮುಟ್ಟಿ ನೋಡಿರಲಿಲ್ಲ. ಮನುಷ್ಯ ಕೆಂಪಗಾಗಿ, “ಬಾಗಿಲು ಹಾಕೇ, ಯಾರಾದರೂ ನೋಡ್ತಾರೆ” ಅಂದರು. (ಪುಟ್ಟೀ, ನಗಬೇಡ.) ಮೂಗು, ಹುಬ್ಬಿನ ಮೂಳೆ, ಹಣೆ ಅವರಿಂದ ಸಿಕ್ಕಿತು. ಗದ್ದ ಮಾತ್ರ ನಿಮ್ಮದಂತೆ, ಅಪ್ಪನದಲ್ಲವಂತೆ.

ಆಗ ಹೊಳೆದವರು ಬೀದಿ ತುದಿಯ ಕ್ಷೌರದಂಗಡಿಯ ಅಜ್ಜ. ಇಪ್ಪತ್ತೆರಡು ವರ್ಷ ವಾರಕ್ಕೆರಡು ಸಲ ಮಾವನ ಗಡ್ಡ ಮಾಡಿದ ಕೈ ಅದು. ಕರೆದ ಕೂಡಲೇ ಅರ್ಧ ಗಡ್ಡ ಮುಗಿದ ಗಿರಾಕಿಯನ್ನು ಸೋಪಿನ ನೊರೆಯಲ್ಲೇ ಬಿಟ್ಟು ಬರುತ್ತೇನೆಂದರು, ನಾವೇ ತಡೆದೆವು. ಪರೀಕ್ಷೆಗೆಂದು ಹಗುರ ಮರದ ಮೇಲೆ ಕೆತ್ತಿದ್ದ ಮುಖವನ್ನು ಅವರು ನೋಡಲೇ ಇಲ್ಲ, ಬೆನ್ನ ಹಿಂದೆ ನಿಂತು ಗಡ್ಡ ಮಾಡುವವರ ಹಾಗೆ ಎರಡೂ ಕೈ ಇಳಿಬಿಟ್ಟು ಸವರಿದರು. “ಇಲ್ಲಮ್ಮ, ಗದ್ದದ ಕೆಳಗೆ ಎಡಕ್ಕೊಂದು ತಗ್ಗು ಇತ್ತು, ಕತ್ತಿ ತಿರುಗಿಸಬೇಕಿತ್ತು. ಇಲ್ಲೊಂದು ನರಹುಲಿ, ಸುತ್ತಿ ಹೋಗಬೇಕಿತ್ತು. ಬಲದವಡೆ ಇಷ್ಟು ಅಗಲ ಇಲ್ಲ” ಅಂದರು. ಫೋಟೋದಲ್ಲಿ ಇದ್ಯಾವುದೂ ಇಲ್ಲ. ನಾಲ್ಕು ಸಲ ಕೆತ್ತಿದೆ, ನಾಲ್ಕು ಸಲ ಬಂದರು. ನಾಲ್ಕನೆಯ ಸಲ ಆ ಮರದ ಕೆನ್ನೆಯನ್ನು ಮೆಲ್ಲಗೆ ಎರಡು ಸಲ ತಟ್ಟಿದರು. ಗಡ್ಡ ಮುಗಿದ ಮೇಲೆ ಹಾಗೆ ತಟ್ಟುತ್ತಿದ್ದರಂತೆ. ನಾನು ಅವರಿಗೆ ಎಷ್ಟು ಋಣಿಯೋ ಹೇಳಲಾರೆ. ಒಂದು ಲೋಟ ಚಹಾ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ, ಕೋಪ ಮಾಡಿಕೊಳ್ಳಬೇಡಿ. ಮಾವ ಹೊಲಿಗೆಗೆ ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ತೇಗದ ಹಲಗೆ ಅಟ್ಟದಲ್ಲಿತ್ತಲ್ಲ, ಕೊನೆಯ ಕೆತ್ತನೆಗೆ ಅದನ್ನೇ ಇಳಿಸಿದೆವು. ಮುಖ ಬಂದಿರುವುದು ಮೇಜಿನ ತಳಭಾಗದಲ್ಲಿ. ಮೇಲ್ಭಾಗ ಈಗ ಬೆನ್ನಾಗಿದೆ, ಅದಕ್ಕೆ ಏನೂ ಮಾಡಿಲ್ಲ. ಅಲ್ಲಿ ಬೆರಳಾಡಿಸಿದರೆ ಅವರ ಕತ್ತರಿಯ ಗೀರುಗಳೆಲ್ಲ ಸಿಗುತ್ತವೆ. ಅಂಥ ಹಲಗೆ ಇರುವುದು ಒಂದೇ, ಹಾಗಾಗಿ ಎರಡೆರಡು ಸಲ ಅಳೆದೇ ಕೆಲಸ ನಡೆದಿದೆ. ಇನ್ನೊಂದು ಸುದ್ದಿ, ನಡುಮನೆಯಲ್ಲಿ ಈಗ ಒಂದು ಕಡ್ಡಿಯೂ ಇಲ್ಲ. ಅಡುಗೆಕಟ್ಟೆಯ ಮೂಲೆಯಿಂದ ನನ್ನ ಕೋಣೆಯವರೆಗೆ ಇವರು ಗೋಡೆಗೆ ಮರದ ಕೈಪಟ್ಟಿ ಹೊಡೆದಿದ್ದಾರೆ. ಹೆಜ್ಜೆಗೊಂದರಂತೆ ಹನ್ನೊಂದು ಗುಂಡಿ ಕೆತ್ತಿದ್ದೇನೆ, ಹೆಬ್ಬೆರಳು ಸರಿಯಾಗಿ ಕೂರುತ್ತದೆ. ನಾನೇ ಟವೆಲು ಕಟ್ಟಿಕೊಂಡು ಇಪ್ಪತ್ತು ಸಲ ಓಡಾಡಿ ನೋಡಿದೆ. ಒಂದೇ ಸಲ ಗೋಡೆಗೆ ಹಣೆ ಹೊಡೆದುಕೊಂಡದ್ದು, ಅದೂ ನನ್ನ ಅವಸರದಿಂದ.

ಬರೆಯುತ್ತಾ ಹೋದರೆ ಮುಗಿಯುವುದಿಲ್ಲ, ಅಂಚೆಯವನು ಬರುವ ಹೊತ್ತಾಯಿತು. ಪುಟ್ಟಿಗೂ ಅಳಿಯಂದಿರಿಗೂ ನಮ್ಮ ನೆನಪುಗಳು. ಮೂರು ತಿಂಗಳು ನಿಮ್ಮನ್ನು ನೋಡಿಕೊಂಡದ್ದಕ್ಕೆ ಪುಟ್ಟಿಗೆ ನಾನು ಸದಾ ಋಣಿ. ನಿಮ್ಮ ಹರಕೆ ನಮ್ಮ ಮೇಲಿರಲಿ, ಹನಿ ತಪ್ಪಿಸಬೇಡಿ.

ಇಂತಿ,
ನೀವು ಒಲೆಯ ಮುಂದಿನಿಂದ ಎಬ್ಬಿಸಿದ
ನಿಮ್ಮ ಸೊಸೆ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಮುಖ್ಯವಾದದ್ದನ್ನೇ ಬರೆದಿಲ್ಲ. ಮಾವನ ಬಾಯಿ ಇನ್ನೂ ಕೆತ್ತಿಲ್ಲ. ಮೀಸೆಯ ಕೆಳಗೆ ಮರ ಹಾಗೇ ದಪ್ಪಗೆ ಉಳಿದಿದೆ. ಕತ್ತಿಯ ಕೆಳಗೆ ಯಾರು ನಗುತ್ತಾರೆ ಅಂತ ಕ್ಷೌರದಜ್ಜ ಕೇಳುತ್ತಾರೆ. ಅಪ್ಪ ನಕ್ಕದ್ದನ್ನು ನಾನು ನೋಡೇ ಇಲ್ಲ ಅಂತ ಇವರು ಅನ್ನುತ್ತಾರೆ. ನಗುವಾಗ ಅವರ ಬಾಯಿ ಒಂದೇ ಪಕ್ಕಕ್ಕೆ ಹೋಗುತ್ತಿತ್ತು ಅಂತ ಒಂದು ಸಲ ನೀವೇ ನನಗೆ ಹೇಳಿದ್ದಿರಿ. ಯಾವ ಪಕ್ಕ ಅಂತ ಹೇಳಿರಲಿಲ್ಲ. ಹಲಗೆ ಮಷೀನಿನ ಹಾಸಿನ ಮೇಲೆ ಬಿಗಿದೇ ಇದೆ, ಬಿಚ್ಚಿದರೆ ಸೊನ್ನೆ ತಪ್ಪುತ್ತದೆ, ಬಿಚ್ಚುವ ಹಾಗಿಲ್ಲ. ಹಾಗಾಗಿ ಹತ್ತು ದಿನದಿಂದ ಬೇರೆ ಯಾವ ಕೆಲಸವೂ ಇಲ್ಲ. ಲಾರಿಯವರು ಕಾಯುತ್ತಿದ್ದಾರೆ, ನಿಮ್ಮ ಮಗನ ಬೀರುವಿನ ಬಾಗಿಲುಗಳು ಗೋಡೆಗೆ ಒರಗಿ ನಿಂತಿವೆ, ನಡುಮನೆಯ ಗೋಡೆಗಲ್ಲ, ಹೆದರಬೇಡಿ. ಶುಕ್ರವಾರ ಬೆಳಗ್ಗೆ ಇವರು ನಿಮ್ಮನ್ನು ಕರೆದುಕೊಂಡು ಬರಲು ಅಲ್ಲಿಗೆ ಬರುತ್ತಾರೆ. ಯಾವ ಪಕ್ಕ ಅಂತ ಫೋನಿನಲ್ಲಿ ಮಾತ್ರ ಹೇಳಬೇಡಿ ಅತ್ತೆ. ಬಂದು ಬೆರಳಿಟ್ಟು ತೋರಿಸಿ.